ತಂತಿ ಕಟ್ಟಿದ ಮಡ್‌ಗಾರ್ಡ್

ಮನೆಯಿಂದ,
ಸೋಮವಾರ, ಜೂನ್ ೯

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಮೊಣಕಾಲು ನೋವು ಹೇಗಿದೆ? ಮುಲಾಮು ಎಡಗಡೆಯ ಚೀಲದಲ್ಲಿ, ಸಾಕ್ಸಿನ ಒಳಗಿದೆ. ಸಿಗದಿದ್ದರೆ ನನ್ನನ್ನು ಬೈಯಿರಿ, ಅಭ್ಯಾಸ ತಪ್ಪಬಾರದು. ನಾನು ಚೆನ್ನಾಗಿದ್ದೇನೆ. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಕಾಫಿಯನ್ನು ಬಿಸಿ ಇರುವಾಗಲೇ ಕುಡಿದೆ.

ನೀವು ಹೊರಡುವ ಹಿಂದಿನ ದಿನದ್ದೇ ಇನ್ನೂ ತಲೆಯಲ್ಲಿದೆ. ನಿಮ್ಮ ದೂರಪ್ರಯಾಣದ ಸೈಕಲ್ಲನ್ನು ವರಾಂಡದಲ್ಲಿ ತಲೆಕೆಳಗಾಗಿ ನಿಲ್ಲಿಸಿ ನೀವು ಕುರ್ಚಿಯಲ್ಲಿ ಕುಳಿತಿರಿ, ನಾನು ನೆಲದ ಮೇಲೆ. ಮೇಸ್ತ್ರಿ ನೀವು, ಆಳು ನಾನು. ಹಿಂದಿನ ಚಕ್ರಕ್ಕೆ ತಂದ ಹೊಸ ಮಡ್‌ಗಾರ್ಡನ್ನು ಹಿಡಿದು ನಿಲ್ಲಿಸುವ ಸರಳುಗಳು ಉದ್ದವಾಗಿದ್ದವು. ಗರಗಸದಲ್ಲಿ ಕೊಯ್ದು, ತುದಿಗೆ ರಬ್ಬರ್ ಟೋಪಿ ಹಾಕಿ, ಟಯರಿನ ಮೇಲೆ ಎಲ್ಲ ಕಡೆ ಒಂದೇ ಬೆರಳಿನ ಸಂದು ಉಳಿಯುವಂತೆ ಕೂರಿಸಿದೆ. ಚಕ್ರ ತಿರುಗಿಸಿದರೆ ಸದ್ದೇ ಇಲ್ಲ. ನನಗೇ ಹೆಮ್ಮೆಯಾಯಿತು ಅನ್ನಿ. ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಬಂದರು. ಅವರ ಎದುರಿಗೇ ನೀವು, "ಇವಳು ಮುಟ್ಟಿದ್ದು ಮೂರು ದಿನ ಬಾಳಲ್ಲ ಕಣ್ರೀ. ಅದೇನು ಕೈಯೋ, ಕೊಡಲಿಯೋ!" ಎಂದಿರಿ. ದರ್ಜಿ ನಕ್ಕರು. ನಾನೂ ನಕ್ಕೆ. ಮೈಯೆಲ್ಲ ಉರಿದುಹೋಗಿತ್ತು.

ಆಮೇಲೆ ಮುಂದಿನ ಚಕ್ರ. ಅದರ ಸರಳುಗಳನ್ನು ಹಿಡಿಯಲು ಎರಡು ಪ್ಲಾಸ್ಟಿಕ್ ಕ್ಲಿಪ್ಪುಗಳಿದ್ದವಲ್ಲ, ನೀವು ಜಗ್ಗಿದಿರಿ, ಪಟ್ಟನೆ ಕಳಚಿಕೊಂಡವು. "ನೋಡಿದ್ರಾ?" ಎಂದು ದರ್ಜಿಗೆ ತೋರಿಸಿದಿರಿ. ಕಳಚಿಕೊಳ್ಳಲೆಂದೇ ಅವು ಇರುವುದು ಎಂದು ಮಡ್‌ಗಾರ್ಡಿನ ಡಬ್ಬದಲ್ಲಿದ್ದ ಚೀಟಿಯನ್ನು ನಾನು ಓದಿ ಹೇಳಿದೆ: ಓಡುವಾಗ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಕಡ್ಡಿ ಸಿಕ್ಕಿಕೊಂಡರೆ ಕ್ಲಿಪ್ಪು ಬಿಟ್ಟುಕೊಡುತ್ತದೆ, ಬಿಡದಿದ್ದರೆ ಚಕ್ರ ಗಕ್ಕನೆ ನಿಂತು, ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಮುಖ ಅಡಿಯಾಗಿ ಬೀಳುತ್ತಾನೆ. ನೀವು ಅದೇ ಚೀಟಿಯಲ್ಲಿ ಕೈಯ ಗ್ರೀಸ್ ಒರೆಸಿಕೊಂಡು, "ನಂಗೆ ಬುದ್ಧಿ ಹೇಳೋಕೆ ಬರ್ಬೇಡ. ತಂತಿ ಸುತ್ತಿ ಬಿಗಿಯಾಗಿ ಕಟ್ಟು" ಎಂದಿರಿ. ಕಟ್ಟಿದೆ. ಒಂದು ಸುತ್ತು ಸಾಕಿತ್ತು, ನಾಲ್ಕು ಸುತ್ತು ಸುತ್ತಿ ಇಕ್ಕಳದಲ್ಲಿ ತಿರುಚಿದೆ. ಇಷ್ಟು ಭದ್ರವಾದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ನೀವೂ ಜಗ್ಗಿ ನೋಡಿ, "ಹಾಂ, ಈಗ ಸರಿ" ಎಂದಿರಿ. ನಿಮ್ಮ ಬಾಯಿಂದ ನನಗೆ ಸಿಕ್ಕ ಮೊದಲ ಶಹಬ್ಬಾಸ್ ಅದು.

ಹೊರಡುವಾಗ ಏನು ಹೇಳಿದಿರಿ, ನೆನಪಿದೆಯೇ? "ದಾರೀಲಿ ಫೋನ್ ಮಾಡಿ ಪ್ರಾಣ ತಿನ್ಬೇಡ. ಏನಿದ್ರೂ ಲಾಡ್ಜಿಗೆ ಕಾಗದ ಹಾಕು. ಶುಕ್ರವಾರ ಗುಡ್ಡ ಇಳಿದು ಅಲ್ಲಿಗೆ ತಲುಪ್ತೀನಿ." ನಿಮ್ಮ ಮಾತು ನಾನು ಯಾವತ್ತು ಮೀರಿದ್ದೇನೆ? ಅದಕ್ಕೇ ಈ ಕಾಗದ.

ದರ್ಜಿಯವರು ನಿಮ್ಮನ್ನು ಕೇಳಿದರು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮೈ ಜೋಪಾನ.

ಇಂತಿ ನಿಮ್ಮ
ಕೊಡಲಿ ಕೈಯವಳು

ತಾ.ಕ.: ಅಯ್ಯೋ, ಮುಖ್ಯವಾದದ್ದೇ ಮರೆತಿದ್ದೆ. ಗುಡ್ಡ ಇಳಿಯುವ ಮೊದಲು ಆ ತಂತಿಯನ್ನು ಕತ್ತರಿಸಿಬಿಡಿ. ಗಾಳಿಗೆ ಆ ಇಳಿಜಾರಿನ ತುಂಬ ಮರದ ಕಡ್ಡಿಗಳು ಬಿದ್ದಿವೆಯಂತೆ. ಲಾರಿ ಓಡಿಸುವ ನನ್ನ ತಮ್ಮ ಇವತ್ತು ಬೆಳಿಗ್ಗೆ ಅದೇ ದಾರಿಯಲ್ಲಿ ಬಂದ. ತಂತಿಯ ವಿಷಯ ಕೇಳಿ ಹೌಹಾರಿ, "ಅಕ್ಕಾ, ಈಗ್ಲೇ ಭಾವಂಗೆ ಫೋನ್ ಮಾಡು" ಎಂದ. ಮಾಡಿದೆ ಎಂದು ಅವನಿಗೆ ಹೇಳಿದ್ದೇನೆ. ಕಾಗದ ಗುರುವಾರವೇ ಲಾಡ್ಜು ತಲುಪುತ್ತದೆ ಎಂದು ಅಂಚೆಯವರು ಹೇಳಿದ್ದಾರೆ. ನೀವು ಇಳಿದು ಬಂದು ಕೇಳಿದರೆ ಕೊಡುತ್ತಾರೆ.