ತಣ್ಣಗಾದ ಮೇಲಿನ ಅಳತೆ

ಸೋಮವಾರ, ಮಾರ್ಚ್ ೧೧
ವರ್ಕ್‌ಶಾಪಿನಿಂದ, ಕೆಲಸ ಶುರುವಾಗುವ ಮುಂಚೆ

ಪ್ರೀತಿಯ ಅತ್ತಿಗೆಗೆ,

ನಿಮ್ಮ ಮೈದುನನ ನಮಸ್ಕಾರ. ಎರಡು ಬೀದಿ ಆಚೆ ಇರುವವನು ಕಾಗದ ಯಾಕೆ ಬರೆದ ಎಂದು ಹುಬ್ಬೇರಿಸಬೇಡಿ. ಎದುರಿಗೆ ಬಂದರೆ ಏನಾದರೊಂದು ತಮಾಷೆ ಮಾಡಿ ಜಾರಿಕೊಳ್ಳುವುದು ನನ್ನ ಹುಟ್ಟುಗುಣ. ಇವತ್ತು ಜಾರಿಕೊಳ್ಳಬಾರದು.

ಶನಿವಾರ ಅಣ್ಣ ನನ್ನ ಲೇತ್ ಹತ್ತಿರ ಬಂದು ನಿಂತ. ನೀವು ಪುಸ್ತಕಗಳನ್ನೆಲ್ಲ ಹಗ್ಗ ಬಿಗಿದು ಅಟ್ಟಕ್ಕೆ ಹಾಕಿದಿರಂತೆ. ಎರಡು ತಿಂಗಳ ನಂತರ ಬರುವ ಪ್ರಾಜೆಕ್ಟಿನ ಮರುಪರೀಕ್ಷೆಗೂ ಹೋಗುವುದಿಲ್ಲವಂತೆ. "ನಲವತ್ತಮೂರಕ್ಕೆ ಅಳತೆ ಓದೋಕೂ ಬಾರದ ಕಣ್ಣಿಟ್ಕೊಂಡು ನನಗ್ಯಾಕೆ ಎಂಜಿನಿಯರಿಂಗು" ಅಂದಿರಂತೆ. ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಎರಕದ ತುಂಡನ್ನು ಲೇತಿಗೆ ಎತ್ತಲು ಹೋಗಿ ಅಣ್ಣನ ಸೊಂಟ ಮುರಿದ ವರ್ಷ ನಾವೆಲ್ಲ ಅಯ್ಯೋ ಪಾಪ ಎಂದೆವು. ನೀವು ಕಾಲೇಜಿಗೆ ಸೇರಿದಿರಿ. ಅತ್ತಿಗೆ ಈ ವಯಸ್ಸಿನಲ್ಲಿ ಎಂಜಿನಿಯರಿಂಗ್ ಟೆಕ್ನಾಲಜಿ ಪದವಿ ಮಾಡ್ತಾರಂತೆ ಎಂದು ಇಡೀ ವರ್ಕ್‌ಶಾಪಿಗೆ ಡಂಗುರ ಸಾರಿ ನಕ್ಕವನು ನಾನೇ. ನೀವು ಹಗಲು ಇಲ್ಲಿ ತಪಾಸಣೆ ಕೋಣೆಯಲ್ಲಿ ನಮ್ಮ ತುಂಡುಗಳನ್ನು ಅಳೆದು, ಸಂಜೆ ಮಗಳ ವಯಸ್ಸಿನವರ ಪಕ್ಕ ಬೆಂಚಿನಲ್ಲಿ ಕೂತಿರಿ. ಕಪಾಟಿನ ಬಾಗಿಲ ಒಳಗೆ ಸೂತ್ರಗಳನ್ನು ಅಂಟಿಸಿ, ಡಬ್ಬಿ ತೆಗೆಯುವಾಗಲೊಮ್ಮೆ ಇಡುವಾಗಲೊಮ್ಮೆ ಬಾಯಿಪಾಠ ಮಾಡಿದಿರಿ. ಗಣಿತದಲ್ಲಿ ಫೇಲಾದಾಗ ನಾನು ಮಿಠಾಯಿ ಕೇಳಿದೆ. ನೀವು ನಕ್ಕು, ಮತ್ತೆ ಕಟ್ಟಿ ಪಾಸಾದಿರಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಉಳಿದವರು ದೀಪ ಮಿನುಗುವ ಆಟಿಕೆಗಳನ್ನು ಮಾಡುತ್ತಿದ್ದರೆ, ನೀವು ಮಾಡಿದ್ದು ಕೈಯಲ್ಲಿ ತಿರುಗಿಸಿ ಭಾರ ಎತ್ತುವ ಯಂತ್ರ. ಇನ್ನೊಬ್ಬರ ಸೊಂಟ ಮುರಿಯಬಾರದು ಎಂದು. ಅದರ ನಕ್ಷೆ ನೋಡಿದ ದಿನ ನನ್ನ ನಗು ನಿಂತಿತು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಈಗ ಆ ಯಂತ್ರಕ್ಕೆ ನಾನು ಲೇತಿನಲ್ಲಿ ಕಡೆದುಕೊಟ್ಟ ಶಾಫ್ಟಿನ, ಅಂದರೆ ತಿರುಗುವ ದಂಡದ, ವಿಷಯ. ನಲವತ್ತು ಮಿಲಿಮೀಟರಿಗಿಂತ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗ ಹೆಚ್ಚಿರಲಿ, ಬೇರಿಂಗ್ ಬಿಗಿಯಾಗಿ ಕೂರಬೇಕು, ತಣ್ಣಗಾದ ಮೇಲೆಯೇ ಅಳೆಯಿರಿ ಎಂದು ನೀವು ಚೀಟಿಯಲ್ಲಿ ಬರೆದುಕೊಟ್ಟಿದ್ದಿರಿ. ಇಪ್ಪತ್ತೆರಡು ವರ್ಷದ ಲೇತ್ ಕೆಲಸದವನಿಗೆ ಇದನ್ನು ಹೇಳಿಕೊಡಬೇಕೇ ಎಂದು ನನಗೆ ಉರಿಯಿತು. ಬಟ್ಟೆ ಸುತ್ತಿ ಹಿಡಿಯುವಷ್ಟು ಸುಡುತ್ತಿದ್ದಾಗಲೇ ಅಳೆದೆ. ಸರಿಯಾಗಿತ್ತು. ಬರೆದಿಟ್ಟು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ನೀವು ಬರುವ ಮೊದಲು ಸುಮ್ಮನೆ ಇನ್ನೊಮ್ಮೆ ಅಳೆದೆ, ಅತ್ತಿಗೆ. ಆರಿದ ಉಕ್ಕು ಕುಗ್ಗಿತ್ತು. ನಲವತ್ತಕ್ಕಿಂತ ನೂರರಲ್ಲಿ ಎರಡು ಭಾಗ ಕಡಿಮೆ. ಆಮೇಲೆ ನೀವು ಬಂದು, ಮೈಕ್ರೋಮೀಟರ್ ಹಿಡಿದು, ಅದೇ ಅಂಕಿಯನ್ನು ಓದಿದಿರಿ. "ಇದು ಕಮ್ಮಿ ಇದೆಯಲ್ಲಪ್ಪಾ" ಅಂದಿರಿ. ಸುತ್ತ ನಾಲ್ಕು ಜನ ನಿಂತಿದ್ದರು. ನಾನು ಏನಂದೆ ಎಂದು ನಿಮಗೆ ನೆನಪಿದೆ. "ಅತ್ತಿಗೆ, ಮೊದಲು ಕನ್ನಡಕ ಬದಲಾಯಿಸಿ" ಅಂದೆ. ಎಲ್ಲರೂ ನಕ್ಕರು. ನೀವು ಕನ್ನಡಕ ಒರೆಸಿಕೊಂಡು, ನಾನು ಹಿಂದಿನ ದಿನ ಬರೆದಿಟ್ಟ ಅಂಕಿಯನ್ನೇ ನಂಬಿದಿರಿ.

ಪರೀಕ್ಷೆಯ ಹಿಂದಿನ ದಿನ ಬೇರಿಂಗ್ ಬೆರಳಲ್ಲಿ ತಳ್ಳಿದರೇ ಸಡಿಲವಾಗಿ ಜಾರಿ ಕೂತಿತು. ಪಂಚಿನ ಮೊನೆಯಿಂದ ಶಾಫ್ಟಿಗೆ ನಾಲ್ಕು ಗುಳಿ ಹೊಡೆದರೆ ಬಿಗಿಯಾಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ನಾನೇ ಉಪಾಯ ಹೇಳಿದೆ. "ಅದರ ಕೆಳಗೆ ಕೈ ಹಾಕೋನು ಯಾರ ಮನೆಯವನೋ" ಎಂದು ನೀವು ಒಪ್ಪಲಿಲ್ಲ. ಪರೀಕ್ಷಕರು ಕೇಳುವ ಮುಂಚೆಯೇ, ಇದಕ್ಕೆ ಭಾರ ಹಾಕಬೇಡಿ ಎಂದು ನೀವೇ ಹೇಳಿದಿರಿ. ಭಾರ ಎತ್ತದ ಯಂತ್ರಕ್ಕೆ ಅವರು ಪಾಸು ಕೊಡಲಿಲ್ಲ. ವರದಿಯಲ್ಲಿ ನೀವು ಬರೆದಿದ್ದಿರಿ: "ಅಳತೆ ಓದುವಲ್ಲಿ ತಪ್ಪಾಗಿದೆ. ತಪ್ಪು ನನ್ನದು."

ಅಲ್ಲ. ತಪ್ಪು ನನ್ನದು. ನಿಮ್ಮ ಕಣ್ಣು ಸರಿಯಾಗಿಯೇ ಓದಿತ್ತು. ನನಗದು ಆಗಲೇ ಗೊತ್ತಿತ್ತು. ನಾಚಿಕೆಯಿಂದ ತಲೆ ತಗ್ಗಿಸಿ ಹೇಳುತ್ತಿದ್ದೇನೆ, ನಿಮ್ಮಂಥ ಇನ್ನೊಬ್ಬ ಕೆಲಸಗಾರರನ್ನು ನಾನು ಈ ವರ್ಕ್‌ಶಾಪಿನಲ್ಲಿ ನೋಡಿಲ್ಲ. ಅವತ್ತು ನಕ್ಕ ನಾಲ್ಕು ಜನಕ್ಕೂ ಇವತ್ತು ಊಟದ ಬಿಡುವಿನಲ್ಲಿ ಎಲ್ಲ ಹೇಳುತ್ತೇನೆ. ನೀವು ಬೈಯುವುದಿದ್ದರೆ ಮನಸಾರೆ ಬೈಯಿರಿ. ಓದು ಮಾತ್ರ ಬಿಡಬೇಡಿ.

ನಿಮ್ಮ ಬಾಯಿಬಡುಕ
ಮೈದುನ

ಮರೆತ ಮಾತು: ಶನಿವಾರವೇ ಹೊಸ ಶಾಫ್ಟ್ ಮಾಡಿದೆ. ನಿನ್ನೆಯೆಲ್ಲ ಆರಲು ಬಿಟ್ಟು, ಇವತ್ತು ಬೆಳಿಗ್ಗೆ ಅಳೆದೆ. ಅಣ್ಣನ ಕೈಯಲ್ಲಿ ಶಾಫ್ಟನ್ನೂ ಮೈಕ್ರೋಮೀಟರನ್ನೂ ಕಳಿಸಿದ್ದೇನೆ. ನನಗೆ ಬಂದ ಅಂಕಿಯನ್ನು ಬರೆದ ಚೀಟಿ ಅವನ ಜೇಬಿನಲ್ಲಿದೆ. ಮೊದಲು ನೀವು ಅಳೆಯಿರಿ, ಆಮೇಲೆ ಅದನ್ನು ಬಿಚ್ಚಿ. ಎರಡೂ ಒಂದೇ ಆಗಿದ್ದರೆ ಅಟ್ಟದಿಂದ ಪುಸ್ತಕ ಇಳಿಸಿ. ಬೇರೆ ಬೇರೆ ಬಂದರೆ ನನ್ನ ಚೀಟಿ ಹರಿದು ಹಾಕಿ, ಆಮೇಲೆ ಪುಸ್ತಕ ಇಳಿಸಿ.