ಬಾಗಿಲು ತೆರೆಯದ ಕೊನೆಯ ಕಂತು

ಹಡಗು ವರ್ಷ ಇನ್ನೂರ ಹನ್ನೊಂದು, ಹದಿನಾಲ್ಕನೇ ತಿಂಗಳು

‘ಕತ್ತಲ ಬಂದರು’ ಧಾರಾವಾಹಿ ಬರೆದ ಮಹನೀಯರಿಗೆ,

ನಕ್ಷತ್ರಗಳ ನಡುವೆ ಸಾಗುತ್ತಿರುವ ಮಲಪ್ರಭೆ ಎಂಬ ಹಡಗಿನಿಂದ ಸಿದ್ದಲಿಂಗವ್ವ ಮಾಡುವ ವಂದನೆಗಳು. ನಾನು ನಿಮಗಿಂತ ಬಹಳ ತಲೆಮಾರು ಈಚೆಯವಳು. ಸೂರ್ಯ ಹುಟ್ಟದ ಊರಿನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಧಾರಾವಾಹಿ ನೋಡಿಯೇ ಕಲಿತ ಭಾಷೆ ಇದು, ಆದ್ದರಿಂದ ಅರ್ಧ ತಪ್ಪು ನಿಮ್ಮದೇ. ಈ ಕಾಗದ ಹಿಂಗಾಲಂಚೆಯಲ್ಲಿ ಬರುತ್ತಿದೆ. ಕಾಲದಲ್ಲಿ ಹಿಂದಕ್ಕೆ ಮಾತ್ರ ಹೋಗುವ ಅಂಚೆ ಅದು; ಉತ್ತರ ತರುವುದಿಲ್ಲ.

ನಮ್ಮ ಹಿರಿಯರು ಭೂಮಿ ಬಿಡುವಾಗ ಭಂಡಾರದಲ್ಲಿ ತುಂಬಿಕೊಂಡು ಬಂದ ಕಥೆಗಳಲ್ಲಿ ಕೆಡದೆ ಉಳಿದದ್ದು ನಿಮ್ಮದೊಂದೇ. ಬೇಗ ಮುಗಿದೀತೆಂದು ಹೆದರಿ, ವರ್ಷಕ್ಕೊಂದೇ ಕಂತು ನೋಡಬೇಕೆಂದು ಕಟ್ಟು ಮಾಡಿದರು. ಆ ದಿನವೇ ನಮ್ಮ ಕಂತುಹಬ್ಬ. ತೊಟ್ಟಿಯಲ್ಲಿ ಬೆಳೆದ ಜೋಳದ ರೊಟ್ಟಿ, ಪಾಚಿಯ ಪಲ್ಯ, ಆಮೇಲೆ ಎರಡು ಓಣಿಗಳ ಜಗಳ. ನಮ್ಮ ಓಣಿ ಕಥೆಯಲ್ಲಿ ಕಳೆದುಹೋದ ವೈಜಯಂತಿಯ ಕಡೆ. ಎದುರು ಓಣಿ ಅವಳನ್ನು ಕತ್ತಲಲ್ಲಿ ಬಿಟ್ಟುಬಂದ ಕಪ್ತಾನನ ಕಡೆ; ಅವರಿಗೆ ಬುದ್ಧಿ ಎಂದೂ ಬರಲಿಲ್ಲ. ಮುಂದಿನ ಕಂತನ್ನು ಮೊದಲೇ ಇಣುಕಿ ನೋಡುವುದು ನಮ್ಮಲ್ಲಿ ಕಳ್ಳತನಕ್ಕಿಂತ ಹೀನ. ಹಾಗಾಗಿ ಕೊನೆಯ ಕಂತಿನಲ್ಲಿ ಕಥೆ ಮುಗಿಯುತ್ತದೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ. ಕೊನೆಯದು ಎಂದಮೇಲೆ ಮುಗಿದೇ ಮುಗಿಯುತ್ತದೆ ಅಂದುಕೊಂಡಿದ್ದೆವು.

ನನ್ನ ಅವ್ವ ಗುರುಬಸವ್ವ ಹಾಸಿಗೆ ಹಿಡಿದಿದ್ದಾಳೆ. ಕಣ್ಣೂ ಹೋಗಿದೆ. ನನ್ನ ಅಕ್ಕ ನೀಲಗಂಗಾ ದಾರಿ ನೋಡಿಬರಲು ಸಣ್ಣ ನೌಕೆಯಲ್ಲಿ ಮುಂದೆ ಹೋದವಳು ಮರಳಿ ಬರಲಿಲ್ಲ. ಅವ್ವ ಅಕ್ಕನ ಹೆಸರೆತ್ತುವುದಿಲ್ಲ. ಕಂತುಹಬ್ಬ ಹತ್ತಿರವಾದಾಗ ಮಾತ್ರ, ವೈಜಯಂತಿ ಈ ಸಲವಾದರೂ ತಾಯಿಯ ಹತ್ತಿರ ಬರುತ್ತಾಳೇನು ಎಂದು ಕೇಳುತ್ತಾಳೆ. ಅವ್ವ ಹಬ್ಬದ ತನಕ ಉಳಿಯುವುದಿಲ್ಲವೆಂದು ವೈದ್ಯರು ಕೈಚೆಲ್ಲಿದಾಗ, ಈ ಹಬ್ಬಕ್ಕೆ ಉಳಿದಿದ್ದ ಕೊನೆಯ ಕಂತನ್ನು ಮೊದಲೇ ಹಾಕಲು ಹಡಗಿಗೆ ಹಡಗೇ ಒಪ್ಪಿತು. ಎದುರು ಓಣಿಯವರೂ ಒಪ್ಪಿದರು.

ಅವ್ವನ ಮಂಚವನ್ನೇ ಪರದೆಯ ಮುಂದೆ ತಂದಿಟ್ಟೆವು. ಕಂಡದ್ದನ್ನು ನಾನು ಅವಳ ಕಿವಿಯಲ್ಲಿ ಹೇಳುತ್ತ ಹೋದೆ. ಎಂಥ ಕಂತು ಮಾಡಿದ್ದೀರಿ ಮಹನೀಯರೇ! ವೈಜಯಂತಿಯ ನೌಕೆ ಬಂದರಿಗೆ ತಾಗಿತು. ತಾಯಿ ಎದ್ದು ನಿಂತಳು. ಬಾಗಿಲ ಮೇಲಿನ ದೀಪ ಹಸಿರಾಯಿತು. ಅಷ್ಟರಲ್ಲಿ ಪರದೆ ಕಪ್ಪಾಗಿ, ‘ಎರಡನೇ ಸೀಸನ್‌ನಲ್ಲಿ ಭೇಟಿಯಾಗೋಣ’ ಎಂಬ ಅಕ್ಷರಗಳು ಮೂಡಿದವು. ನಮ್ಮ ಭಂಡಾರದಲ್ಲಿ ಎರಡನೇ ಸೀಸನ್ ಇಲ್ಲ.

“ಬಾಗಲಾ ತಗೀತೇನವಾ?” ಎಂದಳು ಅವ್ವ. ಜನ್ಮದಲ್ಲಿ ವೈಜಯಂತಿಗೆ ಒಳ್ಳೆಯದು ಬಯಸದ ಎದುರು ಓಣಿಯ ಮುದುಕಪ್ಪ ಎದ್ದು ನಿಂತು ಕೂಗಿದ: “ತಗೀತ ನೋಡ ಗುರುಬಸಕ್ಕಾ! ಮಗಳು ಬಂದ್ಲು, ಅವ್ವನ ತೆಕ್ಕಿಗೆ ಬಿದ್ಲು.” ಎಲ್ಲರೂ ಹೌದು ಹೌದೆಂದರು. ಅವ್ವನ ಮುಖ ಅರಳಿತು. “ಬಂದಾಕಿ ಮದಲ ಏನಂದ್ಲು?” ಎಂದು ಕೇಳಿದಳು.

ವೈಜಯಂತಿಯ ಕಥೆಯಲ್ಲೇ ಹುಟ್ಟಿ ಬೆಳೆದ ಅಷ್ಟು ಜನರಲ್ಲಿ ಒಬ್ಬರಿಗೂ ಒಂದು ಮಾತು ಹೊಳೆಯಲಿಲ್ಲ. “ಇರ್ಲಿ ಬಿಡ್ರಿ,” ಎಂದು ಅವ್ವ ಮಗ್ಗುಲು ಬದಲಿಸಿದಳು. ಮುದುಕಪ್ಪ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

ನಿಮ್ಮ ಮೇಲೆ ನನಗೆ ಸಿಟ್ಟಿತ್ತು, ಈಗ ಸಂಕಟವಷ್ಟೇ ಉಳಿದಿದೆ. ನೋಡುವವರು ನಾಳೆಯೂ ಇರುತ್ತಾರೆಂದು ನಂಬಿ ನಿಲ್ಲಿಸಿದಿರಿ. ನಾವೂ ಹಾಗೆಯೇ ನಂಬಿ ವರ್ಷಕ್ಕೊಂದು ಕಂತು ನೋಡಿದೆವು. ಕಪ್ತಾನ ಏನಾದ, ಯುದ್ಧ ಯಾರು ಗೆದ್ದರು, ಒಂದೂ ಬೇಡ. ಆ ಹುಡುಗಿ ಒಳಗೆ ಬಂದು ಆಡಿದ ಮೊದಲ ಮಾತನ್ನು ಬರೆದು, ನಮ್ಮ ಹಡಗು ಹೊರಡುವ ಮುಂಚೆ ಭಂಡಾರಕ್ಕೆ ಸೇರಿಸಿ. ನೀವು ಬರೆದಿದ್ದರೆ ಅದು ಈಗಾಗಲೇ ಇಲ್ಲಿ ಇರಬೇಕಿತ್ತು, ಅದು ನನಗೂ ಗೊತ್ತು. ಆದರೂ ದಿನಾ ಬೆಳಿಗ್ಗೆ ಭಂಡಾರ ತೆರೆದು ನೋಡಿ ಬರುತ್ತೇನೆ. ನನ್ನ ಹೆಜ್ಜೆಯ ಸಪ್ಪಳ ಕೇಳಿ ಅವ್ವ ಮಂಚದಿಂದಲೇ “ಬಂದ್ಲೇನ?” ಎನ್ನುತ್ತಾಳೆ. ಯಾರು ಎಂದು ನಾನು ಕೇಳುವುದಿಲ್ಲ.