ಹುಳುವಲ್ಲ, ನೊಣ

ವಿಲೋ ಬೆಂಡ್, ಮೊಂಟಾನಾ
ಭಾನುವಾರ, ಮೇ 31, 1998

ಪ್ರೀತಿಯ ತಮ್ಮಾ ಆರ್ವಿಡ್,

ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತೇ, ಅಥವಾ ಅಲಾಸ್ಕಾದ ಆ ದೋಣಿಯಲ್ಲಿ ಇನ್ನೂ ಒಂದೇ ಕೈಯಲ್ಲಿ ಬಲೆ ಎಳೆಯುತ್ತಿದ್ದೀಯಾ? ಮಾರ್ಚಿನಲ್ಲಿ ಕಳಿಸಿದ ಉಣ್ಣೆಯ ಕಾಲುಚೀಲ ಬಂದವೋ ಇಲ್ಲವೋ ಎಂದು ಒಂದು ಸಾಲು ಬರೆಯಲು ನಿನಗೇನು ಕಷ್ಟ? ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಊದಿಕೊಂಡಿದೆ, ಅದರ ಮೇಲೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಯಾಕೆ ಊದಿತು ಎನ್ನುವುದೇ ಸುದ್ದಿ. ನೀನು ಕೂತು ಓದು, ನಿಂತು ಓದುವ ಸುದ್ದಿಯಲ್ಲ ಇದು.

ನಿನ್ನೆ ಹುಚ್ಚುಹೊಳೆ ಶನಿವಾರ. ನೀನು ಹೋದ ಮೇಲೂ ಗಾಳದ ಕ್ಲಬ್ಬಿನವರು ಅದನ್ನು ಬಿಟ್ಟಿಲ್ಲ. ಬೆಟ್ಟದ ಹಿಮವೆಲ್ಲ ಕರಗಿ ಹೊಳೆ ಕೆಂಪಗೆ ಉಕ್ಕುವ ದಿನ ನೋಡಿಕೊಂಡೇ ಗಾಳ ಹಿಡಿದು ಹೊರಡುವುದು, ಒಬ್ಬರಿಗೂ ಒಂದು ಟ್ರೌಟ್ ಮೀನೂ ಸಿಗದೆ ವಾಪಸ್ ಬರುವುದು, ನಮ್ಮ ಲಿಯೋಟಾ ದಂಡೆಯ ಮೇಲೆ ಒಲೆ ಹೂಡಿ ಸುಡುವ ಪ್ಯಾನ್‌ಕೇಕ್ ತಿಂದು ಪರಸ್ಪರ ಆಡಿಕೊಳ್ಳುವುದು. ಹನ್ನೊಂದು ವರ್ಷದ ಹಿಂದೆ ಆ ದಿನ ನೀನೊಬ್ಬನೇ ಇಪ್ಪತ್ತನಾಲ್ಕು ಅಂಗುಲದ ಮೀನು ಹಿಡಿದು ತಂದೆಯಲ್ಲ, ಆವತ್ತು ಅಧ್ಯಕ್ಷ ವೆಂಡೆಲ್ ರಾಸ್ಕಿಯ ಮುಖ ಹೇಗಿತ್ತು ಎಂದು ನನಗೆ ಈಗಲೂ ನೆನಪಿದೆ. "ಈ ಕೆಸರಲ್ಲಿ ಮೀನಿಗೆ ನೊಣ ಕಾಣೋದುಂಟೇನ್ರಪ್ಪಾ? ವಾಸನೆ ಹಿಡ್ಕೊಂಡು ಬಂದಿದೆ, ಹುಳುವಿನ ವಾಸನೆ!" ಎಂದ. ಆಮೇಲೆ ನಿನ್ನ ಪಿಕಪ್ಪಿನ ಸೀಟಿನಡಿಯಿಂದ ಆ ಕಾಫಿ ಡಬ್ಬಿ ಎಳೆದು ತಂದು, ಹೆಂಡದಂಗಡಿಯ ಕಟ್ಟೆಯ ಮೇಲೆ ಎರೆಹುಳುಗಳನ್ನು ಸುರಿದ. ಗಾಳಕ್ಕೆ ಗರಿ, ದಾರ ಸುತ್ತಿ ಹುಸಿ ನೊಣ ಕಟ್ಟುವವರ ಊರಿನಲ್ಲಿ ಜೀವಂತ ಹುಳು ಹಾಕಿದವನೆಂದರೆ ಮುಗಿಯಿತು. ನೀನು "ನಂದಲ್ಲ" ಅಂದೆ, ಅಷ್ಟೇ. ಅಲ್ಲಿನ ಗೋಡೆಗೆ ಹಾಕಿದ ಕ್ಲಬ್ಬಿನವರ ಹೆಸರಿನ ಹಲಗೆಯ ಮೇಲೆ ರಾಸ್ಕಿ ನಿನ್ನ ಹೆಸರಿಗೆ ಗೀಟು ಹಾಕಿದ. ಅಂಚೆ ಕಚೇರಿಯಲ್ಲೂ "ಏನೋ ಹುಳು, ಹೇಗಿದ್ದೀಯ?" ಎನ್ನುವುದು ಶುರುವಾಯಿತು. ಸೆಪ್ಟೆಂಬರಿಗೆ ನೀನು ಊರು ಬಿಟ್ಟೆ.

ಅಂದಿನಿಂದ ನಾನು ಹಲ್ಲು ಕಚ್ಚಿಕೊಂಡು ಕಾದಿದ್ದೇನೆ ಕಣೋ. ರಾಸ್ಕಿಯ ಮೊಮ್ಮಕ್ಕಳನ್ನು ದಿನಾ ಶಾಲೆಯ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ. ಗೇಟಿನ ಬಳಿ ನಿಂತು ಅವನು ಕೈ ಬೀಸಿದರೆ ನಾನೂ ಬೀಸುತ್ತೇನೆ, ಒಳಗೆ ಬೆಂಕಿ ಉರಿಯುತ್ತಿರುತ್ತದೆ. ಅವನ ದಾರಿಗೆ ಅಡ್ಡ ಬರುವುದು ನನಗೆ ಬೇಕಿರಲಿಲ್ಲ. ಕೆಸರಲ್ಲೂ ಮೀನು ನೊಣಕ್ಕೆ ಬರುತ್ತದೆಂದು ಅವನ ಬಾಯಿಂದಲೇ ಹೇಳಿಸಬೇಕಿತ್ತು, ಅದೂ ಎಲ್ಲರೆದುರು. ಅದಕ್ಕೆಂದೇ ಈ ವರ್ಷ ಕ್ಲಬ್ಬಿಗೆ ಸೇರಿದೆ. "ಸಿಗ್ನೆ, ಈ ವಯಸ್ಸಲ್ಲಿ ನಿಂಗ್ಯಾಕಮ್ಮಾ ಗಾಳ? ಬಸ್ ಓಡಿಸ್ಕೊಂಡಿರು" ಎಂದು ನಕ್ಕ. ನಾನೂ ನಕ್ಕೆ.

ಅಧ್ಯಕ್ಷನಾದ್ದರಿಂದ ಜಾಗ ಆರಿಸುವ ಸರದಿ ಅವನದೇ ಮೊದಲು. ಹಳೆಯ ಸೇತುವೆಯ ಕೆಳಗಿನ ತಿರುವನ್ನೇ ಆರಿಸಿದ, ನಿನ್ನ ಜಾಗವನ್ನೇ. ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಾ? "ಹೊಳೆ ಉಕ್ಕಿದಾಗ ಬೂಟು ಒದ್ದೆ ಮಾಡ್ಕೋಬೇಡ್ರೋ. ಮೀನೂ ನಮ್ ಹಾಗೇ ನೆರೆಗೆ ಹೆದರಿ ದಡಕ್ಕೆ ಬಂದಿರುತ್ತೆ." ರಾಸ್ಕಿಗೆ ಇದು ಗೊತ್ತಿಲ್ಲ. ಸೊಂಟದವರೆಗಿನ ರಬ್ಬರ್ ಪೋಷಾಕು ತೊಟ್ಟು, ಊರುಗೋಲು ಊರಿ, ಮುಳುಗಿದ ಹುಲ್ಲನ್ನು ತುಳಿದುಕೊಂಡು ತೊಡೆಮಟ್ಟದ ನೀರಿಗೆ ಇಳಿದ. ಅವನ ಬೂಟು ಬಿದ್ದ ಕಡೆ ಹುಲ್ಲೊಳಗಿದ್ದ ಮೀನು ಬೆದರಿ, ಒಂದು ದಪ್ಪ ಅಲೆ ಎಬ್ಬಿಸಿಕೊಂಡು ಆಳಕ್ಕೆ ಓಡಿತು. ನಾನು ದಂಡೆಯ ಮೇಲೆ ಕಾಫಿ ಕುಡಿಯುತ್ತಾ ನೋಡಿದೆ. ಅವನು ನೋಡಲಿಲ್ಲ. ಒಂದು ಗಂಟೆ ನಡುಹೊಳೆಗೆ ದಾರ ಬೀಸಿ ಬೀಸಿ ತೋಳು ನೋಯಿಸಿಕೊಂಡು ಪ್ಯಾನ್‌ಕೇಕ್ ತಿನ್ನಲು ಹೋದ.

ಮೀನು ದಡಕ್ಕೆ ಮರಳಲೆಂದು ನಾನು ಇನ್ನೂ ಮುಕ್ಕಾಲು ಗಂಟೆ ಅಲ್ಲಾಡದೆ ಕೂತೆ. ಆಮೇಲೆ ನೀರಿನಿಂದ ಹತ್ತಡಿ ಹಿಂದೆ ಮಂಡಿಯೂರಿ, ನೀನು ಬಿಟ್ಟುಹೋದ ಪೆಟ್ಟಿಗೆಯಲ್ಲಿ ಉಳಿದಿದ್ದ ಆ ಒಂದೇ ಒಂದು ಕಪ್ಪು ನೊಣವನ್ನು, ರಬ್ಬರ್ ಕಾಲುಗಳದ್ದು, ಅವನು ಕಾಲಿಟ್ಟಿದ್ದ ಜಾಗದಲ್ಲೇ ಇಳಿಬಿಟ್ಟೆ. ದಡಕ್ಕೂ ಅದಕ್ಕೂ ಒಂದು ಗೇಣು. ಮೂರನೆಯ ಸಲಕ್ಕೆ ದಾರ ನಿಂತುಹೋಯಿತು. ಗಾಳದ ಕೋಲು ಎತ್ತಿದೆ. ಅಯ್ಯೋ ಆರ್ವಿಡ್, ಆ ಮೀನು ಓಡಿದ ಓಟ! ಐವತ್ತೆಂಟು ವರ್ಷದ ಈ ಕಾಲು ಕಟ್ಟಿಕೊಂಡು ದಂಡೆಯುದ್ದಕ್ಕೂ ಮುಳ್ಳುಪೊದೆ ಹಾರಿ ಓಡಿದೆ, ಓಡುತ್ತಲೇ ಕಿರುಚಿದೆ: "ವೆಂಡೆಲ್! ಬಲೆ ತಗೊಂಡ್ ಬಾ!"

ಅವನೇ ಬರಬೇಕಿತ್ತು. ನಿನ್ನ ಪ್ರಕರಣವಾದ ಮೇಲೆ ಅವನೇ ತಂದ ನಿಯಮ ಅದು: ಮೀನಿನ ಬಾಯಿಯ ಗಾಳವನ್ನು ಅಧ್ಯಕ್ಷನೇ ಬಿಡಿಸಬೇಕು, ಗಾಳದಲ್ಲಿ ಏನಿತ್ತೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಬಾಯಲ್ಲಿ ಸಿರಪ್ ಅಂಟಿಸಿಕೊಂಡೇ ಓಡಿ ಬಂದ. ಕೆಸರಲ್ಲಿ ಮಂಡಿಯೂರಿದ. ಇಪ್ಪತ್ತಮೂರು ಅಂಗುಲ, ನಿನ್ನದಕ್ಕಿಂತ ಒಂದು ಕಡಿಮೆ, ಸಮಾಧಾನವಾಗಿರು. ಬೆರಳು ಹಾಕಿ ಬಿಡಿಸಿ, ಗಡ್ಡದೊಳಗೇ "ನೊಣ" ಎಂದ. "ಕೇಳಿಸ್ಲಿಲ್ಲ" ಅಂದೆ. ಮತ್ತೆ ಹೇಳಿದ. "ಲಿಯೋಟಾಗೆ ಕಿವಿ ಮಂದ, ಇನ್ನೂ ಸ್ವಲ್ಪ ಜೋರಾಗಿ" ಅಂದೆ. "ನೊಣ ಕಣಮ್ಮಾ, ನೊಣ!" ಎಂದು ಅರಚಿದ. ಒಲೆಯ ಬಳಿಯಿಂದ ಲಿಯೋಟಾ "ಹುಳು ಅಲ್ವಂತೆ ಕಣ್ರೋ!" ಎಂದು ಕೂಗಿದಳು. ಇಪ್ಪತ್ತೊಂದು ಜನ ನಕ್ಕರು, ಒಬ್ಬೊಬ್ಬರನ್ನೂ ಎಣಿಸಿದ್ದೇನೆ. ಆ ನಗು ನನಗೆ ಊಟಕ್ಕಿಂತ ರುಚಿಯಾಗಿತ್ತು. ಮೀನನ್ನು ಹೊಳೆಗೇ ಬಿಟ್ಟೆವು, ರಾಸ್ಕಿಯನ್ನು ಬಿಡಲಿಲ್ಲ. ಮಧ್ಯಾಹ್ನ ಹೆಂಡದಂಗಡಿಗೆ ಕರೆದೊಯ್ದು ಹಲಗೆಯ ಮೇಲೆ ನಿನ್ನ ಹೆಸರನ್ನು ಅವನ ಕೈಯಿಂದಲೇ ಹೊಸದಾಗಿ ಬರೆಸಿದೆ. ಎರಡು ಸಲ ಅಕ್ಷರ ತಪ್ಪು ಬರೆದ, ಎರಡು ಸಲವೂ ಅಳಿಸಿದೆ. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು, "ಹಾಗಾದ್ರೆ ಆ ಡಬ್ಬಿ ಯಾರದ್ದು, ಸಿಗ್ನೆ?" ಎಂದು ಕೇಳಿದ. ಸೋತವನ ಮಾತಿಗೆ ಯಾರು ಉತ್ತರ ಕೊಡುತ್ತಾರೆ, ಬಿಡು.

ಭುಜಕ್ಕೆ ಬಿಸಿನೀರಿನ ಶಾಖ ಕೊಡು. ದೋಣಿಯವರಿಗೆಲ್ಲ ನನ್ನ ನೆನಪು ಹೇಳು. ಅಪ್ಪ ಅಮ್ಮನ ಸಮಾಧಿಗೆ ಈ ವಾರ ನಿನ್ನ ಪಾಲಿನ ಹೂವನ್ನೂ ಇಟ್ಟಿದ್ದೇನೆ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ಅಕ್ಕ,
ಸಿಗ್ನೆ

ತಾ. ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಆ ಡಬ್ಬಿ ನನ್ನದು. ಆ ಶನಿವಾರಕ್ಕೆ ಹಿಂದಿನ ಗುರುವಾರ ನಿನ್ನ ಪಿಕಪ್ ಕೇಳಿ ಒಯ್ದಿದ್ದೆನಲ್ಲ, ಕೆರೆಯಲ್ಲಿ ಹುಳು ಹಾಕಿ ಹುರಿಯಲು ಮೀನು ಹಿಡಿಯುವುದಕ್ಕೆ. ನೊಣ ಕಟ್ಟುವ ಅಪ್ಪನ ಮಗಳು ಹುಳು ಹಾಕುತ್ತಾಳೆಂದು ಊರಿಗೆ ಗೊತ್ತಾದೀತೆಂದು ಬಾಯಿ ಬಿಡಲಿಲ್ಲ. ಆವತ್ತು "ನಂದಲ್ಲ" ಎಂದು ನೀನು ನನ್ನ ಕಡೆಗೇ ನೋಡಿದೆ, ನಾನು ನೆಲ ನೋಡಿದೆ. ರಾಸ್ಕಿಯ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದ್ದೇ ಇರಬೇಕು. ಮುಂದಿನ ಶನಿವಾರ ಅದೇ ಕಟ್ಟೆಯ ಮುಂದೆ ನಿಂತು ಎಲ್ಲರಿಗೂ ಹೇಳುತ್ತೇನೆ. ಆಮೇಲೆ ನೀನೂ ಊರಿಗೆ ಬಾ. ಅಂಚೆ ಕಚೇರಿಯ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ, ನನ್ನನ್ನು "ಹುಳು" ಎಂದು ಕೂಗು. ನಾನು ಓ ಅನ್ನುತ್ತೇನೆ.